ಸುಮ್ನೆ ಕೂರದ ಮನೆಯವರಿಗೆ ಯಾವ ಕ್ರೂಸ್ ಹಡಗು?

ಮೊದಲ ಸಲ ಕ್ರೂಸ್‌ಗೆ ಹೋದಾಗ ನಮ್ಮ ಚಿಕ್ಕವಳಿಗೆ ಏಳು ವರ್ಷ. ಹಡಗಿನ ಮೇಲೇ ಅಲೆ ಏಳಿಸುವ ಫ್ಲೋರೈಡರ್ ಇದೆ ಅಂತ ಮೂರು ತಿಂಗಳು ವಿಡಿಯೊ ನೋಡಿಕೊಂಡು ಕಾದಿದ್ದಳು. ಹತ್ತಿದ ದಿನವೇ ಅಣ್ಣನ ಜೊತೆ ಸಾಲಿನಲ್ಲಿ ನಿಂತಳು. ಅಲ್ಲಿದ್ದ ಹುಡುಗ ಅಳತೆಯ ಕೋಲಿನ ಪಕ್ಕ ನಿಲ್ಲಿಸಿ ನೋಡಿದ. 52 ಇಂಚು ಬೇಕಿತ್ತು, ಅವಳು 49. ಅಣ್ಣ ಒಳಗೆ ಹೋದ, ಇವಳು ಕಂಬಿ ಹಿಡಿದು ಹೊರಗೆ ನಿಂತಳು. ಆ ಮುಖ ನನಗೆ ಇವತ್ತಿಗೂ ನೆನಪಿದೆ. ಆ ನಿಯಮ ಇರುವುದು ಅವಳ ಒಳ್ಳೆಯದಕ್ಕೇ. ನಾವೇ ಮನೆಯಲ್ಲಿ ಅಳೆದು ನೋಡಿ ಹಡಗು ಆರಿಸಬೇಕಿತ್ತು.

ಈಗ ನಮ್ಮಲ್ಲಿ ಆ ಕೆಲಸ ಶುರುವಾಗುವುದು ಅಡುಗೆಮನೆ ಬಾಗಿಲಿನ ಚೌಕಟ್ಟಿನಿಂದ. ಮಕ್ಕಳ ಎತ್ತರದ ಪೆನ್ಸಿಲ್ ಗೆರೆಗಳು ಅಲ್ಲಿವೆ. ಎತ್ತರ ಮೊದಲು. ಸಮುದ್ರದ ಮೇಲೆ ಎಷ್ಟು ದಿನ ಅನ್ನುವುದು ಆಮೇಲೆ. ಬೆಲೆ ಅದಾದ ಮೇಲೆ. ಹಡಗು ಎಷ್ಟು ದೊಡ್ಡದು, ಎಷ್ಟು ಹೊಸದು ಅನ್ನುವುದನ್ನು ನಾನು ಕೊನೆಗೆ ನೋಡುತ್ತೇನೆ.

ನಾವು ಇರುವುದು ಡಲ್ಲಾಸ್ ಹತ್ತಿರ. ಮನೆಯಲ್ಲಿ ಹದಿಮೂರರ ಮಗ, ಹತ್ತರ ಮಗಳು. ಬೇಸಿಗೆಯಲ್ಲಿ ಮೈಸೂರಿನಿಂದ ಅತ್ತೆ ಮಾವ ಬಂದಿರುತ್ತಾರೆ. ಒಂದು ಕಡೆ ಕೂತು ಕಡಲು ನೋಡುವ ಜನ ನಾವಲ್ಲ. ನಿಮ್ಮ ಮನೆಯೂ ಹೀಗೇ ಇದ್ದರೆ ಮುಂದೆ ಓದಿ.

ಎತ್ತರದ ಲೆಕ್ಕ

ರಾಯಲ್ ಕೆರಿಬಿಯನ್ ಕಂಪನಿಯ ಹಡಗುಗಳಲ್ಲಿ ಫ್ಲೋರೈಡರ್ ಹಲಗೆಯ ಮೇಲೆ ಮಲಗಿ ಆಡಲು 52 ಇಂಚು ಬೇಕು, ನಿಂತು ಆಡಲು 58. ತಂತಿಗೆ ನೇತುಬಿದ್ದು ಜಾರುವ ಜಿಪ್‌ಲೈನ್‌ಗೂ 52 ಇಂಚು, ಜೊತೆಗೆ 75 ಪೌಂಡ್ ತೂಕ. ಅಲ್ಟಿಮೇಟ್ ಅಬಿಸ್ ಅನ್ನುವ ಹತ್ತು ಅಂತಸ್ತಿನ ಜಾರುಬಂಡೆಗೆ 44 ಇಂಚು ಸಾಕು. ಹತ್ತುವ ಗೋಡೆಗೆ ಆರು ವರ್ಷ ತುಂಬಿರಬೇಕು. ಡಿಸ್ನಿಯ ಅಕ್ವಾಮೌಸ್ ನೀರಿನ ಸವಾರಿಗೆ 42 ಇಂಚು ಬೇಕು. 54 ಇಂಚು ಆಗುವವರೆಗೆ ಜೊತೆಯಲ್ಲಿ ಇನ್ನೊಬ್ಬರು ಕೂರಬೇಕು.

ಇದನ್ನು ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಐದರಿಂದ ಎಂಟು ವರ್ಷದ ಮಕ್ಕಳು ನಡುವೆ ಸಿಕ್ಕಿಕೊಳ್ಳುತ್ತಾರೆ. ಚಿಕ್ಕವರ ನೀರಾಟ ಅವರಿಗೆ ಬೇಜಾರು. ದೊಡ್ಡವರ ಆಟಕ್ಕೆ ಎತ್ತರ ಸಾಲದು. ಮನೆಯಲ್ಲಿ ಈ ವಯಸ್ಸಿನ ಮಗು ಇದ್ದರೆ ಆ ಮಗುವಿಗೆ ಹೊಂದುವ ಹಡಗನ್ನೇ ಆರಿಸಿ. ದೊಡ್ಡ ಮಕ್ಕಳಿಗೆ ಯಾವ ಹಡಗಿನಲ್ಲಾದರೂ ಏನಾದರೂ ಸಿಗುತ್ತದೆ.

ಡೈಪರ್ ಹಾಕುವ ಮಗು ಇದ್ದರೆ ಇನ್ನೊಂದು ಮಾತು. ಈಜುವ ಡೈಪರ್ ಹಾಕಿದರೂ ಮಾಮೂಲಿ ಈಜುಕೊಳಕ್ಕೆ ಬಿಡುವುದಿಲ್ಲ. ಪುಟ್ಟವರಿಗೇ ಅಂತ ಬೇರೆ ನೀರಾಟದ ಜಾಗ ಇರುವ ಹಡಗು ನೋಡಬೇಕು. ಆರು ತಿಂಗಳು ತುಂಬದ ಕೂಸನ್ನು ಹೆಚ್ಚಿನ ಹಡಗುಗಳು ಹತ್ತಿಸಿಕೊಳ್ಳುವುದೇ ಇಲ್ಲ.

ಯಾವ ಬಂದರಿನಿಂದ ಹೊರಡುವುದು?

ಟೆಕ್ಸಾಸ್‌ನವರಿಗೆ ಗ್ಯಾಲ್ವೆಸ್ಟನ್ ದೊಡ್ಡ ಅನುಕೂಲ. ಡಲ್ಲಾಸ್‌ನಿಂದ ಕಾರಿನಲ್ಲಿ ಐದು ಗಂಟೆ. ಐದಾರು ಜನರ ವಿಮಾನದ ಖರ್ಚು ಉಳಿಯುತ್ತದೆ. ವಯಸ್ಸಾದವರನ್ನು ಏರ್‌ಪೋರ್ಟಿನಲ್ಲಿ ನಡೆಸುವ ಕಷ್ಟವೂ ಇಲ್ಲ. ಆದರೆ ಗ್ಯಾಲ್ವೆಸ್ಟನ್‌ನಿಂದ ಎಲ್ಲವೂ ದೂರ. ಏಳು ರಾತ್ರಿಯ ಪ್ರವಾಸದಲ್ಲಿ ಸಾಮಾನ್ಯವಾಗಿ ಮೆಕ್ಸಿಕೊದ ಕೊಜುಮೆಲ್, ಕೋಸ್ಟಾ ಮಾಯಾ, ಹೊಂಡುರಾಸ್‌ನ ರೊಆಟಾನ್ ಅಂತ ಮೂರು ಊರು ಸಿಗುತ್ತವೆ. ಉಳಿದ ಮೂರು ದಿನ ಪೂರ್ತಿ ನೀರಿನ ಮೇಲೆ. ಆ ಮೂರು ದಿನ ಮಕ್ಕಳು ಬೆಳಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ ಏನು ಮಾಡುತ್ತಾರೆ ಅನ್ನುವುದೇ ಇಡೀ ಪ್ರವಾಸದ ಪ್ರಶ್ನೆ.

ಫ್ಲಾರಿಡಾದಿಂದ ಹೊರಟರೆ ಲೆಕ್ಕ ಬೇರೆ. ಮಯಾಮಿ, ಪೋರ್ಟ್ ಕನಾವೆರಲ್‌ನಿಂದ ಬಹಾಮಾಸ್ ಹತ್ತಿರ. ಮೂರು ನಾಲ್ಕು ರಾತ್ರಿಯ ಪ್ರವಾಸದಲ್ಲಿ ಹಡಗಿನಷ್ಟೇ ಮುಖ್ಯ ಆ ಕಂಪನಿಯ ಖಾಸಗಿ ದ್ವೀಪ. ರಾಯಲ್ ಕೆರಿಬಿಯನ್‌ನ ಕೋಕೋಕೇ ಇವುಗಳಲ್ಲಿ ಆಟ ಜಾಸ್ತಿ ಇರುವ ಜಾಗ. ಅಲ್ಲಿ 135 ಅಡಿ ಎತ್ತರದ ಡೇರ್‌ಡೆವಿಲ್ಸ್ ಪೀಕ್ ಜಾರುಬಂಡೆ ಇದೆ, ಆದರೆ ಆ ವಾಟರ್‌ಪಾರ್ಕಿಗೆ ಬೇರೆ ಟಿಕೆಟ್. ನನ್ನನ್ನು ಕೇಳಿದರೆ ಹೇಳುವುದು, ಮಕ್ಕಳು 48 ಇಂಚಿಗಿಂತ ಕಮ್ಮಿ ಇದ್ದರೆ ಆ ಟಿಕೆಟ್ ಬೇಡ. ಕಡಲತೀರ, ಒಯಸಿಸ್ ಲಗೂನ್ ಅನ್ನುವ ದೊಡ್ಡ ಸಿಹಿನೀರಿನ ಕೊಳ, ಚಿಕ್ಕವರ ನೀರಾಟ, ಎಲ್ಲವೂ ಉಚಿತ. ಒಂದು ದಿನ ಅದರಲ್ಲೇ ಮುಗಿದುಹೋಗುತ್ತದೆ.

ಗ್ಯಾಲ್ವೆಸ್ಟನ್‌ನಿಂದ ಡಿಸೆಂಬರ್, ಜನವರಿಯಲ್ಲಿ ಹೋಗುವವರು ಗಾಳಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಗಲ್ಫ್ ಆಫ್ ಮೆಕ್ಸಿಕೊದಲ್ಲಿ ಮೊದಲ ದಿನವೂ ಕೊನೆಯ ದಿನವೂ ಚಳಿ ಇರುತ್ತದೆ. ಗಾಳಿ ಜೋರಾದರೆ ಜಾರುಬಂಡೆ, ಜಿಪ್‌ಲೈನ್, ಹತ್ತುವ ಗೋಡೆ ಎಲ್ಲ ಮುಚ್ಚುತ್ತಾರೆ. ಒಳಗೆ ಆಡಲು ಜಾಗ ಇಲ್ಲದ ಹಡಗಿನಲ್ಲಿ ಆಗ ಮಕ್ಕಳನ್ನು ಹಿಡಿಯುವುದು ಕಷ್ಟ.

ಮೂರು ದೊಡ್ಡ ವರ್ಗಗಳು

ಹಡಗುಗಳು ಬಂದರು ಬದಲಿಸುತ್ತಲೇ ಇರುತ್ತವೆ. ಅದಕ್ಕೆ ಹಡಗಿನ ಹೆಸರಿಗಿಂತ ಅದರ ವರ್ಗ ತಿಳಿದುಕೊಂಡರೆ ಒಳ್ಳೆಯದು. ಒಂದೇ ವರ್ಗದ ಹಡಗುಗಳು ಅಕ್ಕತಂಗಿಯರ ಹಾಗೆ. ಒಂದನ್ನು ನೋಡಿದರೆ ಉಳಿದವುಗಳ ಅಂದಾಜು ಸಿಗುತ್ತದೆ.

ನನ್ನ ಮನಸ್ಸಿಗೆ ಹತ್ತಿರವಾದದ್ದು ರಾಯಲ್ ಕೆರಿಬಿಯನ್‌ನ ಒಯಸಿಸ್ ವರ್ಗ. ಇದರ ಮೊದಲ ಹಡಗು ಬಂದದ್ದು 2009ರಲ್ಲಿ. ನಾವು ಹೋದದ್ದು 2016ರ ಹಾರ್ಮನಿ ಆಫ್ ದ ಸೀಸ್‌ನಲ್ಲಿ. 362 ಮೀಟರ್ ಉದ್ದ. ಒಂದು ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೂ ಐದು ಸಾವಿರ ಪ್ರಯಾಣಿಕರನ್ನು ದಾಟುತ್ತದೆ. ಎರಡು ಫ್ಲೋರೈಡರ್, ಎರಡು ಹತ್ತುವ ಗೋಡೆ, ಒಂಬತ್ತು ಡೆಕ್ (ಹಡಗಿನ ಅಂತಸ್ತು) ಎತ್ತರದ ಜಿಪ್‌ಲೈನ್, ಬ್ಯಾಸ್ಕೆಟ್‌ಬಾಲ್ ಅಂಗಳ, ಮೂರು ನೀರಿನ ಜಾರುಬಂಡೆ, ಮೇಲೆ ಹೇಳಿದ ಅಬಿಸ್, ಕೆಳಗಿನ ಡೆಕ್‌ನಲ್ಲಿ ಐಸ್ ಸ್ಕೇಟಿಂಗ್. ಇವೆಲ್ಲ ಟಿಕೆಟ್ ದುಡ್ಡಿನಲ್ಲೇ ಬರುತ್ತವೆ. ನನಗೆ ಮುಖ್ಯ ಅನ್ನಿಸಿದ್ದು ಇದೇ. ಪ್ರತಿ ಸಲ ಕಾರ್ಡ್ ಉಜ್ಜಬೇಕು ಅಂದರೆ ಅಪ್ಪ ಅಮ್ಮ ಬೇಡ ಅನ್ನುತ್ತಾರೆ. ಉಚಿತ ಇದ್ದರೆ ಮಗು ಇಪ್ಪತ್ತು ಸಲ ಬಿದ್ದು, ಎದ್ದು, ಕಲಿಯುತ್ತದೆ. ಫ್ಲೋರೈಡರ್ ಕಲಿಯಲು ಇಪ್ಪತ್ತು ಸಲ ಬೀಳಲೇಬೇಕು, ಅಲ್ವಾ?

ಇನ್ನೊಂದು ಗುಟ್ಟು. ಈ ವರ್ಗದ ಹಡಗುಗಳ ಮಧ್ಯದಲ್ಲಿ ಸೆಂಟ್ರಲ್ ಪಾರ್ಕ್ ಅನ್ನುವ ತೋಟ ಇದೆ. ಮೇಲೆ ಆಕಾಶ ಕಾಣುತ್ತದೆ. ಹತ್ತು ಸಾವಿರಕ್ಕೂ ಹೆಚ್ಚು ನಿಜವಾದ ಗಿಡಗಳು. ಬೆಳಗ್ಗೆ ಆರೂವರೆಗೆ ಅಲ್ಲಿ ಹಕ್ಕಿಯ ದನಿ ಕೇಳಿಸುತ್ತದೆ, ಅದು ಸ್ಪೀಕರಿನಿಂದ ಬಂದರೂ ಇಂಪಾಗಿರುತ್ತದೆ. ಮಾವ ದಿನಾ ಕಾಫಿ ಹಿಡಿದು ಅಲ್ಲೇ ನಡೆಯುತ್ತಿದ್ದರು. ಓಡುವವರಿಗೆ ಐದನೇ ಡೆಕ್‌ನಲ್ಲಿ ಹಡಗನ್ನು ಸುತ್ತುವ ದಾರಿ ಇದೆ, ಒಂದು ಸುತ್ತು ಸುಮಾರು 700 ಮೀಟರ್. ನೆರಳಿದೆ, ಪಕ್ಕದಲ್ಲೇ ಸಮುದ್ರ. ಬೇರೆ ಹಲವು ಹಡಗುಗಳಲ್ಲಿ ಓಟದ ದಾರಿ ಮೇಲಿನ ಡೆಕ್‌ನಲ್ಲಿ, ಬಿಸಿಲಲ್ಲಿ, ಕುರ್ಚಿಗಳ ನಡುವೆ ಇರುತ್ತದೆ. ಒಂದು ವಾರ ದಿನಾ ಓಡುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಐಕಾನ್ ವರ್ಗ ಇದಕ್ಕಿಂತ ದೊಡ್ಡದು. ಐಕಾನ್ ಆಫ್ ದ ಸೀಸ್ 2024ರ ಜನವರಿಯಲ್ಲಿ ಮಯಾಮಿಯಿಂದ ಹೊರಟಿತು. ಅದರ ತಂಗಿ ಸ್ಟಾರ್ ಆಫ್ ದ ಸೀಸ್ 2025ರಲ್ಲಿ ಪೋರ್ಟ್ ಕನಾವೆರಲ್‌ಗೆ ಬಂತು. ಐಕಾನ್‌ನಲ್ಲಿ ಏಳು ಈಜುಕೊಳ, ಆರು ನೀರಿನ ಜಾರುಬಂಡೆ. ಪುಟ್ಟ ಮಕ್ಕಳಿರುವ ಮನೆಯವರಿಗೆ ಸರ್ಫ್‌ಸೈಡ್ ಅಂತ ಒಂದು ಬಡಾವಣೆಯನ್ನೇ ಮಾಡಿದ್ದಾರೆ. ಚಿಕ್ಕವರ ನೀರಾಟ, ಕುದುರೆ ಕ್ಯಾರೊಸೆಲ್, ತಿಂಡಿಯ ಜಾಗ, ಅಪ್ಪ ಅಮ್ಮಂದಿರಿಗೆ ಕೊಳ, ಎಲ್ಲ ಒಂದೇ ಕಡೆ. ಆರು ವರ್ಷದೊಳಗಿನ ಮಗು ಇದ್ದರೆ ಇದನ್ನು ಮೀರಿಸುವ ಹಡಗು ನನಗೆ ಗೊತ್ತಿಲ್ಲ. ಆದರೆ ಮಕ್ಕಳು ಹತ್ತು ದಾಟಿದ್ದರೆ ಐಕಾನ್‌ಗೆ ಕೊಡುವ ಜಾಸ್ತಿ ದುಡ್ಡು ಅಷ್ಟು ವಾಪಸ್ ಬರುವುದಿಲ್ಲ ಅಂತ ನನ್ನ ಅನಿಸಿಕೆ. ಹಗ್ಗ ಕಟ್ಟಿಕೊಂಡು ಸಮುದ್ರದ ಮೇಲೆ ನಡೆಯುವ ಕ್ರೌನ್ಸ್ ಎಡ್ಜ್‌ಗೆ ಬೇರೆ ದುಡ್ಡು. ಒಯಸಿಸ್‌ನಲ್ಲಿರುವ ಜಿಪ್‌ಲೈನ್, ಅಬಿಸ್ ಇಲ್ಲಿ ಇಲ್ಲ.

ಮೂರನೆಯದು ಕಾರ್ನಿವಲ್ ಕಂಪನಿಯ ಎಕ್ಸೆಲ್ ವರ್ಗ. ಮಾರ್ಡಿ ಗ್ರಾ, ಸೆಲೆಬ್ರೇಷನ್, ಜ್ಯೂಬಿಲಿ. ಜ್ಯೂಬಿಲಿ 2023ರ ಕೊನೆಯಲ್ಲಿ ಗ್ಯಾಲ್ವೆಸ್ಟನ್‌ಗೇ ಅಂತ ಹೊಸದಾಗಿ ಬಂದ ಹಡಗು. ಇವುಗಳ ಮೇಲೆ ಬೋಲ್ಟ್ ಅನ್ನುವ ರೋಲರ್ ಕೋಸ್ಟರ್ ಇದೆ. ಸುಮಾರು 800 ಅಡಿ ಹಳಿ, ಗಂಟೆಗೆ 40 ಮೈಲಿ ವೇಗ. ವೇಗ ನಿಮ್ಮ ಕೈಯಲ್ಲೇ ಇರುತ್ತದೆ. 2021ರಲ್ಲಿ ಮಾರ್ಡಿ ಗ್ರಾ ಮೇಲೆ ಬಂದಾಗ ಸಮುದ್ರದ ಮೇಲಿನ ಮೊದಲ ರೋಲರ್ ಕೋಸ್ಟರ್ ಅದೇ. ಒಂದು ಸವಾರಿಗೆ ಬೇರೆ ದುಡ್ಡು ಕೊಡಬೇಕು. ಹಾಗಾಗಿ ಅದೊಂದು ಸಲದ ಖುಷಿ. ದಿನಾ ಆಡಲು ಉಳಿಯುವುದು ನೀರಿನ ಜಾರುಬಂಡೆ, ಹಗ್ಗದ ಮೇಲಿನ ನಡಿಗೆ, ಮಿನಿ ಗಾಲ್ಫ್, ಬ್ಯಾಸ್ಕೆಟ್‌ಬಾಲ್. ಇವು ಉಚಿತ. ಅಲೆಯ ಮೇಲಿನ ಆಟ, ಐಸ್ ಸ್ಕೇಟಿಂಗ್ ಇಲ್ಲ.

ಬೆಲೆ ಮಾತ್ರ ಹೆಚ್ಚಾಗಿ ಕಾರ್ನಿವಲ್‌ನದ್ದೇ ಕಮ್ಮಿ. ಎರಡು ಕ್ಯಾಬಿನ್ ಬೇಕಾದ ಮನೆಯವರಿಗೆ ಆ ವ್ಯತ್ಯಾಸದಲ್ಲಿ ಊರುಗಳಲ್ಲಿನ ಸುತ್ತಾಟವೇ ಮುಗಿಯಬಹುದು. ಈಜುಕೊಳದ ಸುತ್ತ ಹಾಡು ಜೋರು. ಹದಿಹರೆಯದವರಿಗೆ ಅದು ಇಷ್ಟ, ನಮ್ಮ ಅತ್ತೆಯವರಿಗೆ ಆಗುವುದಿಲ್ಲ. ಇನ್ನೊಂದು ವಿಷಯ, ಈಜುಕೊಳದ ಕಾವಲು. ಎಲ್ಲ ಕಂಪನಿಗಳ ಹಡಗಲ್ಲೂ ಲೈಫ್‌ಗಾರ್ಡ್ ಇರುವುದಿಲ್ಲ. ರಾಯಲ್ ಕೆರಿಬಿಯನ್, ಡಿಸ್ನಿಯಲ್ಲಿ ಇರುತ್ತಾರೆ. ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಈಜು ಬಾರದ ಮಗುವಿನಿಂದ ಒಂದು ತೋಳಿನ ದೂರದಲ್ಲಿ ದೊಡ್ಡವರು ಯಾರಾದರೂ ನೀರಿನಲ್ಲಿ ಇರಲೇಬೇಕು. ಈ ಮಾತನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಉಳಿದವು ಚುಟುಕಾಗಿ. ನಾರ್ವೀಜಿಯನ್ ಕಂಪನಿಯ ಜಾಯ್, ಬ್ಲಿಸ್, ಎನ್‌ಕೋರ್, ಪ್ರೀಮಾ, ವೀವಾ ಹಡಗುಗಳಲ್ಲಿ ಗೋ-ಕಾರ್ಟ್ ಓಡಿಸಬಹುದು, ದುಡ್ಡು ಬೇರೆ. ಎಂಎಸ್‌ಸಿ ಅನ್ನುವ ಕಂಪನಿಯ ವರ್ಲ್ಡ್ ಅಮೆರಿಕಾ 2025ರಲ್ಲಿ ಮಯಾಮಿಗೆ ಬಂತು, ಹನ್ನೊಂದು ಡೆಕ್ ಇಳಿಯುವ ಜಾರುಬಂಡೆ ಅದರಲ್ಲಿದೆ. ಡಿಸ್ನಿಯಲ್ಲಿ ಸೇವೆ ತುಂಬ ಚೆನ್ನ, ಬೆಲೆಯೂ ಜಾಸ್ತಿ. ಮಿಕ್ಕಿ, ಎಲ್ಸಾ ಅಂದರೆ ಪ್ರಾಣ ಬಿಡುವ ಮಗು ಇದ್ದರೆ ಹೋಗಿ. ಗೋಡೆ ಹತ್ತಬೇಕು, ಅಲೆ ಮೇಲೆ ನಿಲ್ಲಬೇಕು ಅನ್ನುವ ಮಗುವಿಗೆ ಅಲ್ಲ.

ಮಕ್ಕಳ ಕ್ಲಬ್ಬಿನ ವಯಸ್ಸನ್ನೂ ನೋಡಿಕೊಳ್ಳಿ. ರಾಯಲ್‌ನಲ್ಲಿ ಮೂರು ವರ್ಷ ತುಂಬಿ ಡೈಪರ್ ಬಿಟ್ಟಿರಬೇಕು. ನಾರ್ವೀಜಿಯನ್‌ನಲ್ಲೂ ಮೂರು ವರ್ಷ ತುಂಬಿರಬೇಕು. ಕಾರ್ನಿವಲ್ ಎರಡು ವರ್ಷದವರನ್ನೂ ಸೇರಿಸಿಕೊಳ್ಳುತ್ತದೆ. ಕಾರ್ನಿವಲ್‌ನಲ್ಲಿ ಹನ್ನೆರಡು ತುಂಬಿದವರು ಬೇರೆ ಗುಂಪಿಗೆ ಹೋಗುತ್ತಾರೆ. ಹನ್ನೊಂದರ ಮಗ, ಹನ್ನೆರಡರ ಅಣ್ಣನ ಮಗ ಇಬ್ಬರೂ ಒಟ್ಟಿಗೆ ಇರಬೇಕು ಅಂತಲೇ ಎರಡು ಮನೆಯವರು ಸೇರಿ ಹೋಗುವುದಾದರೆ, ಇದನ್ನು ಬುಕ್ ಮಾಡುವ ಮೊದಲೇ ವಿಚಾರಿಸಿ.

ಅಲಾಸ್ಕಾ ಅನ್ನುವ ಇನ್ನೊಂದು ದಾರಿ

ನಡೆಯುವುದು, ಬೆಟ್ಟ ಹತ್ತುವುದು ಇಷ್ಟ ಇರುವ ಮನೆಯವರಿಗೆ ಕೆರಿಬಿಯನ್‌ಗಿಂತ ಅಲಾಸ್ಕಾ ಒಳ್ಳೆಯದು ಅನ್ನಿಸುತ್ತದೆ. ಅಲ್ಲಿ ಆಟ ಹಡಗಿನ ಹೊರಗೆ. ಜೂನೋ ಹತ್ತಿರ ಮೆಂಡೆನ್‌ಹಾಲ್ ಹಿಮನದಿ ಇದೆ. ಅದರ ಪಕ್ಕದ ನಗೆಟ್ ಜಲಪಾತದವರೆಗೆ ಹೋಗಿ ಬರಲು ಎರಡು ಮೈಲಿ, ದಾರಿ ಸಮತಟ್ಟು. ಅತ್ತೆ ಮಾವನೂ ನಿಧಾನವಾಗಿ ನಡೆದರು. ಸ್ಕ್ಯಾಗ್ವೇಯಲ್ಲಿ ಚಿನ್ನ ಹುಡುಕುವವರ ಕಾಲದಲ್ಲಿ, 1898ರಿಂದ 1900ರೊಳಗೆ ಕಟ್ಟಿದ ಪುಟ್ಟ ರೈಲು ಬೆಟ್ಟ ಹತ್ತುತ್ತದೆ.

ಹಡಗಿನಲ್ಲಿ ಒಳಗಿನ ಆಟ ಇರಬೇಕು, ಏಕೆಂದರೆ ಬೇಸಿಗೆಯಲ್ಲೂ ಚಳಿ, ಮಳೆ. ರಾಯಲ್ ಕೆರಿಬಿಯನ್‌ನ ಕ್ವಾಂಟಮ್ ವರ್ಗ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸೀಪ್ಲೆಕ್ಸ್ ಅನ್ನುವ ಒಳಾಂಗಣದಲ್ಲಿ ಡಿಕ್ಕಿ ಹೊಡೆಯುವ ಕಾರು, ಬ್ಯಾಸ್ಕೆಟ್‌ಬಾಲ್. ಗಾಳಿಯಲ್ಲಿ ತೇಲುವ ಐಫ್ಲೈಗೆ ಮೂರು ವರ್ಷ ಸಾಕು. ನಾರ್ತ್ ಸ್ಟಾರ್ ಅನ್ನುವ ಗಾಜಿನ ಗೂಡು ಸಮುದ್ರದಿಂದ ಸುಮಾರು 300 ಅಡಿ ಮೇಲಕ್ಕೆ ಎತ್ತುತ್ತದೆ. ಹಿಮನದಿಯ ಎದುರು ಅದರಲ್ಲಿ ನಿಲ್ಲುವುದು ನಿಜವಾಗಿಯೂ ಬೇರೆಯೇ ಅನುಭವ.

ಆದರೆ ಕಾಗದಪತ್ರ ನೋಡಿಕೊಳ್ಳಿ. ಸಿಯಾಟಲ್‌ನಿಂದ ಹೊರಡುವ ಹಡಗು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತದೆ. ಭಾರತದ ಪಾಸ್‌ಪೋರ್ಟಿನಲ್ಲಿ ಬಂದಿರುವ ಅಪ್ಪ ಅಮ್ಮನಿಗೆ ಕೆನಡಾ ವೀಸಾ ಬೇಕು. ತಿಂಗಳುಗಟ್ಟಲೆ ಮೊದಲೇ ಹಾಕಬೇಕು. ಮೆಕ್ಸಿಕೊಗೆ ಆ ತೊಂದರೆ ಇಲ್ಲ, ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ಸಾಕು. ಎರಡರಲ್ಲೂ ವಾಪಸ್ ಬರಲು ಹಲವು ಸಲ ಪ್ರವೇಶದ ಅಮೆರಿಕ ವೀಸಾ ಇರಬೇಕು. ಎಚ್-1ಬಿಯಲ್ಲಿ ಇರುವವರು ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟಾಂಪಿನ ಅವಧಿ ಮುಗಿದಿದ್ದರೆ ಮೊದಲು ವಕೀಲರನ್ನು ಕೇಳಿ, ಆಮೇಲೆ ಬುಕ್ ಮಾಡಿ.

ಊಟ, ಕ್ಯಾಬಿನ್, ದುಡ್ಡು

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ದೊಡ್ಡ ಹಡಗುಗಳ ಅಡುಗೆಮನೆಯಲ್ಲಿ ನಮ್ಮ ದೇಶದವರು ಬಹಳ ಜನ ಇರುತ್ತಾರೆ. ಮೊದಲ ರಾತ್ರಿಯೇ ಊಟದ ಹಾಲ್‌ನ ಹೆಡ್ ವೇಟರ್ ಹತ್ತಿರ ಹೇಳಿ. ಮರುದಿನದಿಂದ ಬೇಳೆ, ಪಲ್ಯ, ಅನ್ನ ತಂದಿಡುತ್ತಾರೆ. ರುಚಿ ಉತ್ತರ ಭಾರತದ್ದು. ಅತ್ತೆಯವರು ಬಫೆಯಿಂದ ಅನ್ನ, ಸಪ್ಪೆ ಮೊಸರು ತಂದು ಕಲಸಿ, ಮನೆಯಿಂದ ತಂದ ಉಪ್ಪಿನಕಾಯಿ ನೆಂಚಿಕೊಂಡರು. ಏಳು ದಿನವೂ ರಾತ್ರಿ ಅದೇ, ಸಂತೋಷವಾಗಿ. ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ ಸೀಲ್ ಮಾಡಿದ ಪ್ಯಾಕೆಟ್‌ನಲ್ಲಿ ಒಯ್ಯಿರಿ. ರೈಸ್ ಕುಕ್ಕರ್, ಕೆಟಲ್, ಇಸ್ತ್ರಿ ಪೆಟ್ಟಿಗೆ ಬೇಡ. ಬ್ಯಾಗ್ ತಪಾಸಣೆಯಲ್ಲಿ ತೆಗೆದಿಡುತ್ತಾರೆ.

ಕ್ಯಾಬಿನ್ ವಿಷಯದಲ್ಲಿ ನಮ್ಮ ಉಪಾಯ ಹೇಳುತ್ತೇನೆ. ಒಂದು ಬಾಲ್ಕನಿ ಕ್ಯಾಬಿನ್, ಅದರ ಎದುರಿಗೇ ಒಂದು ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್. ಎರಡೂ ಬಾಲ್ಕನಿ ತೆಗೆದುಕೊಳ್ಳುವುದಕ್ಕಿಂತ ಅಗ್ಗ. ಬಾಲ್ಕನಿ ಅತ್ತೆ ಮಾವನಿಗೆ. ಆಡಿ ದಣಿದು ಬರುವ ಮಕ್ಕಳಿಗೆ ಕಿಟಕಿ ಬೇಕಿಲ್ಲ, ಕತ್ತಲಿದ್ದರೆ ಚೆನ್ನಾಗಿ ನಿದ್ದೆ ಬರುತ್ತದೆ. ತಲೆ ಸುತ್ತುವವರು ಇದ್ದರೆ ಹಡಗಿನ ನಡುವೆ, ಕೆಳಗಿನ ಡೆಕ್ ಕೇಳಿ. ವಯಸ್ಸಾದವರಿಗೆ ಲಿಫ್ಟ್ ಹತ್ತಿರ ಇರಲಿ. ಈಜುಕೊಳದ ಡೆಕ್‌ನ ನೇರ ಕೆಳಗೆ ಬೇಡ. ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು ಬರುತ್ತದೆ.

ಬೆಲೆ ಹೋಲಿಸುವಾಗ ಮೊದಲು ಕಾಣುವ ಅಂಕಿ ನೋಡಬೇಡಿ. ಟಿಪ್ಸ್ ಒಬ್ಬರಿಗೆ ದಿನಕ್ಕೆ 16ರಿಂದ 20 ಡಾಲರ್, ಮಕ್ಕಳಿಗೂ ಸೇರಿ. ಐದು ಜನ, ಏಳು ರಾತ್ರಿ, 18 ಡಾಲರ್ ಅಂದರೆ 630 ಡಾಲರ್ ಅಲ್ಲೇ ಆಯಿತು. ಪಾರ್ಕಿಂಗ್, ವೈಫೈ ಸೇರಿಸಿ. ಆಮೇಲೆ ಪ್ರತಿ ಹಡಗಿಗೂ ಮಕ್ಕಳು ಆಡಲು ಬಯಸುವ ದುಡ್ಡಿನ ಆಟಗಳನ್ನು ಬರೆದು ಕೂಡಿ. ನಾವು ಹೀಗೆ ಕೂಡಿದಾಗ ಅಗ್ಗ ಅನ್ನಿಸಿದ್ದ ಹಡಗಿಗೂ ಹಾರ್ಮನಿಗೂ ನಡುವಿನ ಅಂತರ ಅರ್ಧಕ್ಕೆ ಇಳಿಯಿತು. ಕುಡಿಯದವರಿಗೆ ಪಾನೀಯದ ಪ್ಯಾಕೇಜ್ ಬೇಕಿಲ್ಲ. ನೀರು, ನಿಂಬೆ ಪಾನಕ, ಸಾದಾ ಕಾಫಿ, ಟೀ ಬಫೆಯಲ್ಲಿ ಉಚಿತ.

ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ಹಡಗು ಬಿರುಗಾಳಿಯನ್ನು ತಪ್ಪಿಸಿಕೊಂಡು ಹೋಗುತ್ತದೆ, ಆದರೆ ಊರುಗಳು ಬದಲಾಗಬಹುದು. ಕೊಜುಮೆಲ್‌ನಲ್ಲಿ ಮೀನು ನೋಡಲೇಬೇಕು ಅಂತ ಹಟ ಇರುವವರು ಮೇ ತಿಂಗಳಲ್ಲಿ ಹೋಗಿ. ಮಾರ್ಚ್ ರಜೆಯಲ್ಲಿ ಬೆಲೆಯೂ ಜಾಸ್ತಿ, ಜಾರುಬಂಡೆಯ ಸಾಲೂ ಉದ್ದ.

ಹತ್ತುವ ದಿನ ಆದಷ್ಟು ಬೇಗ ಹತ್ತಿ. ಎಲ್ಲರೂ ಬಫೆಗೆ ಹೋಗಿರುವ ಹೊತ್ತಿನಲ್ಲಿ ಜಾರುಬಂಡೆ ಖಾಲಿ ಇರುತ್ತದೆ. ಪೆಟ್ಟಿಗೆಗಳು ಕ್ಯಾಬಿನ್‌ಗೆ ಬರುವುದು ಸಂಜೆ, ಅದಕ್ಕೆ ಈಜುಡುಗೆ ಕೈಚೀಲದಲ್ಲೇ ಇರಲಿ. ಐಸ್ ಸ್ಕೇಟಿಂಗ್‌ಗೆ ಉದ್ದ ಪ್ಯಾಂಟ್, ಕಾಲುಚೀಲ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಹತ್ತುವ ಗೋಡೆಗೂ ಕಾಲುಚೀಲ ಬೇಕು. ಕೆರಿಬಿಯನ್ ಅಂತ ಬರೀ ಚಡ್ಡಿ, ಚಪ್ಪಲಿ ತುಂಬಿಕೊಂಡು ಬಂದ ಮಕ್ಕಳು ಐಸ್ ಅಂಗಳದ ಬಾಗಿಲಲ್ಲಿ ನಿಂತಿರುವುದನ್ನು ಪ್ರತಿ ಸಲ ನೋಡುತ್ತೇನೆ. ಒಬ್ಬೊಬ್ಬರಿಗೆ ಒಂದು ಪ್ಯಾಂಟ್, ನಾಲ್ಕು ಜೊತೆ ಕಾಲುಚೀಲ ಇಟ್ಟುಕೊಳ್ಳಿ.